ಹಿತ್ತಿಲಿನ ಬಿಳಿ ಗೆರೆ

ಪಕ್ಕದ ಕ್ವಾರ್ಟರ್ಸಿಗೆ ಹೊಸಬರು ಬಂದಿದ್ದಾರೆ. ಬಿಲಾಸಪುರದ ಕಡೆಯವರು, ಒಳ್ಳೆಯ ಜನ. ಸಾಮಾನು ಇಳಿಸಿದ ವಾರದಲ್ಲೇ ಡಬ್ಬಿಯಲ್ಲಿ ಏನೋ ಕರಿದ ತಿಂಡಿ ಕಳಿಸಿದರು. ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದೆಂದು ನಾನೂ ಕೋಡುಬಳೆ ತುಂಬಿ ಕಳಿಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಹೋದ ಭಾನುವಾರ ನೋಡುತ್ತೇನೆ, ಆ ಮನೆಯಾಕೆ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಆಸಿಡ್ ಬಾಟಲಿ ಪಕ್ಕಕ್ಕಿಟ್ಟುಕೊಂಡು, ತಂತಿ ಬ್ರಷ್ಷಿನಿಂದ ಸಿಮೆಂಟ್ ಕಟ್ಟೆಯ ಅಂಚಿನಲ್ಲಿದ್ದ ಬಿಳಿ ಗೆರೆಯನ್ನು ಉಜ್ಜುತ್ತಿದ್ದಾಳೆ. ನನ್ನನ್ನು ಕಂಡು, “ಈ ಗೆರೆ ಯಾಕೆ ಎಳೆದಿದ್ದರು ಆಂಟಿ?” ಎಂದು ಹಿಂದಿಯಲ್ಲಿ ಕೇಳಿದಳು. ಇಷ್ಟು ವರ್ಷ ನಾಗಪುರದಲ್ಲಿದ್ದರೂ ನನ್ನ ಹಿಂದಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದಕ್ಕೆ ಸಾಕಾಗುತ್ತದೆಯೇ ಹೊರತು ಇಂಥದ್ದಕ್ಕೆಲ್ಲ ಒದಗುವುದಿಲ್ಲ. ಗೊತ್ತಿಲ್ಲ ಎಂದು ಹೇಳಿ ಒಳಗೆ ಬಂದೆ. ಬಂದವಳು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಗೊತ್ತಿಲ್ಲದೆ ಏನು! ಆ ಗೆರೆ ಎಳೆದದ್ದು ನನ್ನ ಕಣ್ಣೆದುರಿಗೇ. ಎಳೆದವಳ ಹೆಸರು ಮಾತ್ರ ಇಲ್ಲಿ ಬೇಡ. ಹೆಸರು ಬರೆದು, ಫೋಟೊ ಹಾಕಿ, ಆಕೆಯನ್ನು ಕಾಡಿದವರು ಬೇಕಾದಷ್ಟು ಜನ ಆಗಿಹೋದರು.

ಜಮಖಂಡಿ ಕಡೆಯ ಹುಡುಗಿ. ಕಬಡ್ಡಿ ಆಟದ ಮೇಲೆ ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸ ಸಿಕ್ಕಿ ಈ ಊರಿಗೆ ಬಂದವಳು. ದೇಶದ ತಂಡದ ಅಂಗಿ ತೊಟ್ಟು ಒಮ್ಮೆ ಹೊರದೇಶಕ್ಕೂ ಹೋಗಿ ಆಡಿ ಬಂದಿದ್ದಳು. ನಮ್ಮವರು ಅದೇ ರೈಲ್ವೆಯಲ್ಲಿ ಎಂಜಿನಿಯರು. ನಾವು ಮೈಸೂರಿನವರು, ವರ್ಗವಾಗಿ ಬಂದು ಇಲ್ಲಿನ ಬಿಸಿಲಿಗೆ ಒಣಗಿ ಹಪ್ಪಳವಾದವರು. ಆಕೆ ಪಕ್ಕದ ಮನೆಗೆ ಬಂದ ಹೊಸದರಲ್ಲಿ ಒಂದು ದಿನ, ಕೂಲರಿಗೆ ನೀರು ಹಾಕುವುದನ್ನು ಮರೆತು ಪೇಪರ್ ಓದುತ್ತ ಕೂತಿದ್ದ ನಮ್ಮವರನ್ನು ನಾನು ಹಿತ್ತಿಲ ಬಾಗಿಲಲ್ಲಿ ನಿಂತು ಮನಸಾರೆ ಬೈಯುತ್ತಿದ್ದೆ. ಬೈದು ಮುಗಿಸಿ ತಿರುಗಿದರೆ, ಉದ್ದ ಕಾಲಿನ, ಬಾಬ್ ಕೂದಲಿನ ಹುಡುಗಿಯೊಬ್ಬಳು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಾಳೆ.

“ನಿಲ್ಲಸಬ್ಯಾಡ್ರಿ ಕಾಕು, ಬೈರಿ. ಕನ್ನಡದಾಗ ಬೈಯೂದು ಕೇಳಿ ಭಾಳ ದಿನಾ ಆಗಿತ್ತು” ಎಂದಳು.

ಅಲ್ಲಿಂದ ನಾನು ಕಾಕು ಆದೆ, ನಮ್ಮವರು ಕಾಕಾ ಆದರು. ಅವಳ ಊರಿನಲ್ಲೂ ಈ ಊರಿನಲ್ಲೂ ಚಿಕ್ಕಮ್ಮನಂಥವರನ್ನು ಹಾಗೇ ಕರೆಯುತ್ತಾರೆ. ಕನ್ನಡದ ಹೆಸರಿನಲ್ಲಿ ಜೊತೆಯಾದೆವೇ ಹೊರತು ನಮ್ಮಿಬ್ಬರ ಕನ್ನಡಕ್ಕೆ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಸೀಬೆಮರ ಎಂದರೆ ಅವಳು ಪ್ಯಾರಲ ಗಿಡ ಎನ್ನುವಳು. ಅದು ಗಿಡವಲ್ಲ ಕಣೇ, ನಿನ್ನ ಎರಡರಷ್ಟು ಎತ್ತರವಿದೆ ಎಂದರೆ, “ಎಷ್ಟ ಎತ್ತರ ಬೆಳದ್ರೂ ನಮ್ಮ ಊರಾಗ ಗಿಡಾನ ರೀ” ಎನ್ನುವಳು.

ನನಗೆ ಆಟ ಎಂದರೆ ಚೌಕಾಬಾರ ಒಂದೇ ಗೊತ್ತು. ಕಬಡ್ಡಿಯನ್ನು ಆಕೆ ನನ್ನ ಅಡುಗೆಮನೆಯ ನೆಲದ ಮೇಲೆ ಲೋಟ, ಬಟ್ಟಲು ಇಟ್ಟು ಕಲಿಸಿದಳು. ನಡುವೆ ಒಂದು ಗೆರೆ. ಗೆರೆ ದಾಟಿ ಎದುರಿನವರ ಅಂಗಳಕ್ಕೆ ಒಬ್ಬಳೇ ಹೋಗಬೇಕು, ಅವರಲ್ಲಿ ಯಾರನ್ನಾದರೂ ಮುಟ್ಟಬೇಕು, ಅವರು ಹಿಡಿಯುವ ಮೊದಲು ಗೆರೆಗೆ ಹಿಂತಿರುಗಬೇಕು. ಅಷ್ಟು ಹೊತ್ತೂ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು, ಅಂಪೈರಿಗೆ ಕೇಳಿಸುವಂತೆ.

“ಉಸರು ಅವರ ಅಂಗಳದಾಗ ಮುಗೀತಂದ್ರ ಮುಗೀತು, ಕಾಕು. ಯಾರೂ ಹಿಡಿಯೂದು ಬ್ಯಾಡ, ಬಡಿಯೂದು ಬ್ಯಾಡ. ನೀವು ಸತ್ರಿ. ನಮ್ಮ ಕಡೆ ಔಟ್ ಅನ್ನಂಗಿಲ್ಲ, ಸತ್ಲು ಅಂತೀವಿ. ಸತ್ತವರು ಎದ್ದು ಹೊರಗ ಹೋಗಿ ಕುಂಡ್ರಬೇಕು.”

ಎದುರಿನ ಅಂಗಳಕ್ಕೆ ಕಾಲಿಡುವ ಮೊದಲು ಬಗ್ಗಿ, ಗೆರೆಯನ್ನು ಬೆರಳಿನಿಂದ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಅವಳ ಪದ್ಧತಿ. ಅದು ಎಷ್ಟು ಮೈಗೆ ಹತ್ತಿತ್ತೆಂದರೆ ನನ್ನ ಅಡುಗೆಮನೆಯ ಹೊಸ್ತಿಲನ್ನೂ ಹಾಗೇ ಮುಟ್ಟಿ ಒಳಗೆ ಬರುತ್ತಿದ್ದಳು. “ಇದೇನು ನಿನ್ನ ಎದುರಾಳಿಗಳ ಅಂಗಳವೇನೇ?” ಎಂದು ರೇಗಿಸಿದೆ. “ನಿಮ್ಮ ತಿಳಿಸಾರು ನೋಡಿದ್ರ ಹಂಗ ಅನಸ್ತೈತ್ರಿ. ಖಾರಾ ಇಲ್ಲ, ಉಪ್ಪಿಲ್ಲ, ಇದನ್ನ ಉಂಡು ಹೊರಗ ಬರೂದು ದೊಡ್ಡ ಕೆಲಸ” ಎಂದಳು. ತನ್ನ ಮನೆಯಿಂದ ಕೆಂಪು ಚಟ್ನಿಪುಡಿಯ ಡಬ್ಬಿ ತಂದು ನಮ್ಮ ಕಪಾಟಿನಲ್ಲಿಟ್ಟಳು. ಈಗಲೂ ಆ ಡಬ್ಬಿ ಅಲ್ಲೇ ಇದೆ.

ಗರ್ವ ಇತ್ತು ಹುಡುಗಿಗೆ, ಇಲ್ಲ ಎನ್ನುವುದಿಲ್ಲ. ಆಟದ ಮೇಲೆ ಕೆಲಸಕ್ಕೆ ಬಂದವರಿಗೆ ಅರ್ಧ ದಿನ ಅಭ್ಯಾಸಕ್ಕೆ ಬಿಡುವು. ಆಫೀಸಿನ ಉಳಿದವರಿಗೆ ಅದನ್ನು ಕಂಡರೆ ಹೊಟ್ಟೆಯುರಿ. ಪರೀಕ್ಷೆ ಬರೆಯದೆ ಬಂದವಳು ಎಂದು ಯಾರೋ ಅಂದರಂತೆ. “ಹೌದ್ರಿ, ಪರೀಕ್ಷಾ ಬರದಿಲ್ಲ. ಈ ನೌಕರಿ ನನ್ನ ಉಸರಿನ ಮ್ಯಾಲ ಬಂದೈತಿ. ನಿಮ್ಮದು ಯಾತರ ಮ್ಯಾಲ ಬಂದೈತಿ?” ಎಂದು ಅಲ್ಲೇ ಕೇಳಿ ಬಂದಿದ್ದಳು. ನಾನು ಬಾಯಿ ಬಿಗಿಹಿಡಿ ಎಂದೆ. ನಮ್ಮವರು ಪೇಪರಿನ ಹಿಂದೆ ನಗುತ್ತಿದ್ದರು.

ಕೆಮ್ಮು ಯಾವಾಗ ಶುರುವಾಯಿತೋ ಸರಿಯಾಗಿ ಹೇಳಲಾರೆ. ರಾತ್ರಿ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಕೇಳಿದರೆ, ಈ ಊರಿನ ಧೂಳು ಕಾಕು, ಎನ್ನುವಳು. ಮೈ ಇಳಿಯಿತು. ಕೇಳಿದರೆ, ಹಗೂರ ಆದ್ರ ಓಡಾಕ ಚಲೋ, ಎನ್ನುವಳು. ಕೊನೆಗೆ ಒಂದು ದಿನ ಅಭ್ಯಾಸದ ನಡುವೆ ಮ್ಯಾಟಿನ ಮೇಲೆ ರಕ್ತ ಕಾರಿಕೊಂಡಳು. ಕ್ಷಯ. ಅದರಲ್ಲೂ ಔಷಧಿಗೆ ಬಗ್ಗದ ಜಾತಿಯದು. ಕ್ಷಯ ಎಂದರೆ ನಮ್ಮ ಅಜ್ಜಿಯ ಕಾಲಕ್ಕೇ ಮುಗಿದುಹೋದ ರೋಗ ಎಂದುಕೊಂಡಿದ್ದವಳು ನಾನು. ಮಾತ್ರೆಗಳಿಗೆ ಆಕೆಯ ಬಣ್ಣ ಕಪ್ಪಿಟ್ಟಿತು, ಒಂದು ಕಿವಿಯಲ್ಲಿ ಸದಾ ಗುಯ್ಯೆನ್ನುವ ಸದ್ದು ಉಳಿದುಬಿಟ್ಟಿತು. ಅಷ್ಟಾದರೂ ಸಾಲದೆ ಬಲಗಡೆಯ ಶ್ವಾಸಕೋಶದ ಒಂದು ಭಾಗವನ್ನು ಕತ್ತರಿಸಿ ತೆಗೆದರು.

ಆ ಕಾಲದಲ್ಲಿ ಕಾಲೊನಿಯ ಜನ ಅವಳ ಬಾಗಿಲ ಮುಂದಿನಿಂದ ಹಾದುಹೋಗುವಾಗ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ತಂಡದ ಹುಡುಗಿಯರಲ್ಲಿ ಬಿಡದೆ ಬಂದವಳು ಒಬ್ಬಳೇ, ಇಲ್ಲೇ ಹತ್ತಿರದ ಖಾಪರಖೇಡಾದ ಹುಡುಗಿ. ಅಪ್ಪ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಕುಳ್ಳಗೆ, ಗಟ್ಟಿಮುಟ್ಟಾಗಿ, ಒರಳುಕಲ್ಲಿನ ಹಾಗಿದ್ದಳು. ಮೂಲೆಯಲ್ಲಿ ನಿಂತು ನುಗ್ಗಿಬಂದವರ ಕಣಕಾಲು ಹಿಡಿಯುವುದು ಆಟದಲ್ಲಿ ಅವಳ ಕೆಲಸ. ಅವಳು ಹಿಡಿದರೆ ದೇವರೇ ಬಂದರೂ ಬಿಡಿಸಲಾರ ಎಂದು ನಮ್ಮ ಹುಡುಗಿಯೇ ಹೇಳುತ್ತಿದ್ದಳು. ಮಾಸ್ಕ್ ಹಾಕಿಕೊಂಡು ಬಂದು, ಮಂಚದ ತುದಿಯಲ್ಲಿ ಕೂತು, ಮರಾಠಿ ಹಿಂದಿ ಬೆರೆಸಿ ಆಟದ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು.

ರೋಗ ಹೋಯಿತು ಎಂದು ಡಾಕ್ಟರು ಹೇಳಿದ ದಿನ ನಾನೂ ಜೊತೆಗಿದ್ದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ, ಆಡಬಹುದೇ ಎಂದು. ಅವರು ಕನ್ನಡಕ ತೆಗೆದು, ಜೀವ ಉಳಿದಿದೆಯಲ್ಲಮ್ಮ, ಸಾಲದೇ, ಎಂದರು. ಮನೆಯ ಮುಂದೆ ಆಟೋದಿಂದ ಇಳಿಯುವಾಗ “ಸಾಲೂದಿಲ್ಲ” ಎಂದಳು, ನನಗಲ್ಲ, ತನಗೇ.

ಮರುದಿನ ಎಲ್ಲಿಂದಲೋ ಬಿಳಿ ಪೇಂಟು ತಂದು, ನಮ್ಮಿಬ್ಬರ ಮನೆಯ ಹಿಂದಿನ ಸಿಮೆಂಟ್ ಕಟ್ಟೆಯ ಅಂಚಿಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ಗೆರೆ ಎಳೆದಳು. ಗೆರೆಯ ಈಚೆ ತನ್ನ ಅಂಗಳ, ಆಚೆ ಸೀಬೆಮರದವರೆಗಿನ ಮಣ್ಣು ನೆಲ ಎದುರಾಳಿಯದು. ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಮರದ ಕಡೆಗೆ ಹೊರಟಳು. ಬಾಯಲ್ಲಿ ಕಬಡ್ಡಿ ಕಬಡ್ಡಿ. ಬಟ್ಟೆ ಒಣಗಿಸುವ ತಂತಿ ದಾಟುವುದರೊಳಗೆ ದನಿ ನಿಂತಿತು. ಮಂಡಿಯ ಮೇಲೆ ಕೈಯೂರಿ ನಿಂತಳು. ಬಟ್ಟೆ ಹಿಂಡುತ್ತಿದ್ದ ನನ್ನ ಕಡೆ ನೋಡಲಿಲ್ಲ. ನಾನೂ ನೋಡದವಳಂತೆ ಹಿಂಡಿದ ಸೀರೆಯನ್ನೇ ಮತ್ತೆ ಹಿಂಡಿದೆ.

ಬೆಳಗಿನ ಹೊತ್ತು ನಮ್ಮ ಮನೆಯ ಕುಕ್ಕರ್ ಕೂಗುವಾಗ ಆಕೆಯ ಅಭ್ಯಾಸ. ಒಂದು ಸೀಟಿಗೆ ಉಸಿರು ತುಂಬಿಕೊಂಡು ಶುರುಮಾಡಿದರೆ ಮುಂದಿನ ಸೀಟಿಯವರೆಗೆ ಎಳೆಯಬೇಕು, ಅದು ಗುರಿ. ಮೊದಲು ಕಾಲುಭಾಗಕ್ಕೂ ಬರುತ್ತಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ಅರ್ಧಕ್ಕೆ ಬಂತು, ಇನ್ನೂ ಸ್ವಲ್ಪ ಮುಂದಕ್ಕೆ ಬಂತು, ಅಲ್ಲೇ ನಿಂತಿತು. ಅಲ್ಲಿಂದಾಚೆಗೆ ಹೋಗಲೇ ಇಲ್ಲ. ನಮ್ಮವರದು ಬೆಣ್ಣೆಯಂಥ ಮನಸ್ಸು. ಒಂದು ದಿನ ನಾನು ಸ್ನಾನಕ್ಕೆ ಹೋದಾಗ, ಸೀಟಿ ಬೇಗ ಬರಲೆಂದು ಸದ್ದಿಲ್ಲದೆ ಉರಿ ಏರಿಸಿದ್ದಾರೆ. ಅವಳ ಉಸಿರು ಮುಗಿಯುವುದಕ್ಕೂ ಸೀಟಿ ಕೂಗುವುದಕ್ಕೂ ಸರಿಹೋಗಿದೆ. ಇವರು ಕಿಟಕಿಯಲ್ಲಿ ನಿಂತು “ಭೇಷ್!” ಎಂದಿದ್ದಾರೆ. ಅವಳು ಬಾಗಿಲಿಗೆ ಬಂದು, ಒಲೆಯ ಕಡೆಗೊಮ್ಮೆ ಇವರ ಕಡೆಗೊಮ್ಮೆ ನೋಡಿ, “ಕಾಕಾ, ಬ್ಯಾಳಿ ತಳಾ ಹತ್ತೈತಿ, ವಾಸನಿ ಬರಾಕತ್ತೈತಿ. ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ” ಎಂದಳಂತೆ. ನಾನು ಬಂದು ನೋಡುವಾಗ ಇವರು ಕಳ್ಳಬೆಕ್ಕಿನ ಹಾಗೆ ಕುಕ್ಕರ್ ತಳ ಕೆರೆಯುತ್ತಿದ್ದರು.

ಇಷ್ಟರಲ್ಲಿ ಊರಿನವರಿಗೆ ಅವಳ ನೆನಪಾಯಿತು. ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರೇ ಹೂವಿನ ಗುಚ್ಛ ಹಿಡಿದು ಬಂದರು. ಪತ್ರಿಕೆಯವನೊಬ್ಬ ಬಂದು, ಸಾವನ್ನು ಗೆದ್ದ ಹುಡುಗಿ ಎಂದು ಬರೆದ. ಮಹಿಳಾ ದಿನಕ್ಕೆ ಆಫೀಸಿನ ಗೇಟಿಗೆ ಅವಳ ಹಳೆಯ ಫೋಟೊದ ದೊಡ್ಡ ಫ್ಲೆಕ್ಸ್ ಬಂತು. ಫೋಟೊದಲ್ಲಿ ತೊಡೆ ತಟ್ಟಿ ನಿಂತಿದ್ದಳು. ಕೆಳಗೆ ಅವಳೇ, ಸಡಿಲ ಬಿದ್ದ ಕೋಟಿನಲ್ಲಿ, ನಿಂತು ನಿಂತು ಮೆಟ್ಟಿಲು ಹತ್ತುತ್ತಿದ್ದಳು. ಶಾಲೆಗಳಿಗೆ ಕರೆದೊಯ್ದು ಭಾಷಣ ಮಾಡಿಸಿದರು. ಮನಸ್ಸಿದ್ದರೆ ಮಾರ್ಗ ಎಂದು ಅವಳ ಬಾಯಲ್ಲಿ ಹೇಳಿಸಿದರು. ಆ ಮಾತು ಹೇಳಿ ಬಂದ ದಿನ ಆಕೆ ಊಟ ಮಾಡುತ್ತಿರಲಿಲ್ಲ.

ಒಮ್ಮೆ ಇಬ್ಬರೂ ಸೀರೆ ಕೊಳ್ಳಲು ಗಾಂಧಿಬಾಗ್ ಪೇಟೆಗೆ ಹೋದೆವು. ಅವಳ ತಾಯಿಗೊಂದು ಬೇಕಾಗಿತ್ತು. ಅಲ್ಲಿನ ಗಲ್ಲಿಗಳಲ್ಲಿ ಜನ, ಕೈಗಾಡಿ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತವರು, ಒಬ್ಬರ ಮೈ ಒಬ್ಬರಿಗೆ ತಾಗದೆ ನಡೆಯುವಂತಿಲ್ಲ. ನಡುಗಲ್ಲಿಯಲ್ಲಿ ಆಕೆ ತಟ್ಟನೆ ಒಂದು ಅಂಗಡಿಯ ಬಾಗಿಲ ಪಟ್ಟಿ ಹಿಡಿದು ನಿಂತಳು. ಮುಖ ಬೂದಿಯಾಗಿತ್ತು. ಅಂಗಡಿಯ ಸೇಠ್ ಸ್ಟೂಲ್ ಕೊಟ್ಟ, ನೀರು ಕೊಟ್ಟ. ಆಮೇಲೆ ಗುರುತು ಹಿಡಿದ. ಅರೆ, ಪೇಪರಿನಲ್ಲಿ ಬಂದಿದ್ದ ಬೇಟಿ ಎಂದು ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದ. ಉಸಿರು ಸಿಕ್ಕದೆ ಎದೆ ಏರಿಳಿಯುತ್ತಿರುವ ಹುಡುಗಿಯ ಎರಡೂ ಕಡೆ ನಿಂತು ಫೋಟೊ ತೆಗೆಸಿಕೊಂಡರು. ಅವಳು ನಕ್ಕಳು. ನನಗೆ ಬಂದ ಸಿಟ್ಟಿಗೆ ಎರಡು ಬಿಗಿಯಬೇಕೆನಿಸಿತು, ಆದರೆ ಯಾರಿಗೆಂದು ಬಿಗಿಯಲಿ? ಒಬ್ಬನೂ ಕೆಟ್ಟವನಲ್ಲ.

ಪ್ರಯತ್ನಪಟ್ಟರೆ ಆಗದ್ದು ಏನೂ ಇಲ್ಲ ಎನ್ನುವವರನ್ನು ಕಂಡರೆ ನನಗೆ ಈಗ ಮೈಯುರಿಯುತ್ತದೆ. ಆ ಹುಡುಗಿ ಪಟ್ಟ ಪ್ರಯತ್ನ ನಾನು ನೋಡಿದ್ದೇನೆ. ನಾಗಪುರದ ಮೇ ತಿಂಗಳಲ್ಲಿ, ಕಾಗೆ ಕೂಡ ನೆರಳು ಬಿಟ್ಟು ಹೊರಡದ ಹೊತ್ತಿನಲ್ಲಿ, ಆಕೆ ಆ ಗೆರೆಯಿಂದ ಸೀಬೆಮರಕ್ಕೆ, ಸೀಬೆಮರದಿಂದ ಗೆರೆಗೆ ಓಡಾಡಿದ್ದಾಳೆ. ಹೋಗುವಾಗ ಇರುತ್ತಿದ್ದ ದನಿ ಬರುವಾಗ ಇರುತ್ತಿರಲಿಲ್ಲ. ಕತ್ತರಿಸಿ ತೆಗೆದದ್ದು ಮನಸ್ಸಿನಿಂದ ಬೆಳೆಯುವುದಿಲ್ಲ. ಅದು ಆಕೆಗೆ ನನಗಿಂತ ಮೊದಲೇ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಆದರೂ ಒಂದು ಸಲ, ನಿಜವಾದ ಆಟದಲ್ಲಿ, ನಿಜವಾದ ಎದುರಾಳಿಗಳ ಮುಂದೆ ನೋಡಿಬಿಡಬೇಕು ಎಂಬುದೊಂದೇ ಉಳಿದಿತ್ತು.

ತಂಡದ ಆಯ್ಕೆ ನಡೆದದ್ದು ಚಳಿಗಾಲದ ಒಂದು ಮಧ್ಯಾಹ್ನ. ಬಂದವರನ್ನೆಲ್ಲ ಎರಡು ಗುಂಪು ಮಾಡಿ ತಮ್ಮತಮ್ಮಲ್ಲೇ ಆಡಿಸಿ ಆರಿಸುತ್ತಾರೆ. ಖಾಪರಖೇಡಾದ ಹುಡುಗಿ ಎದುರು ಗುಂಪಿಗೆ ಬಿದ್ದಳು. ಸಾಮಾನ್ಯವಾಗಿ ಆಯ್ಕೆಗೆ ನೊಣವೂ ಬರುವುದಿಲ್ಲವಂತೆ. ಅವತ್ತು ಹಾಲ್ ತುಂಬಿತ್ತು. ಪತ್ರಿಕೆಯವನಿದ್ದ, ಆಫೀಸಿನವರಿದ್ದರು, ಹಾರ ತಂದಿಟ್ಟುಕೊಂಡವರೂ ಇದ್ದರು. ನಾವಿಬ್ಬರೂ ಹೋಗಿ ಮುಂದಿನ ಸಾಲಿನಲ್ಲಿ ಕೂತಿದ್ದೆವು.

ಮೊದಲ ಒಂದೆರಡು ಸಲ ಹೋಗಿ ಬರಿಗೈಲಿ ಬಂದಳು. ಗೆರೆಯಿಂದ ಹೆಚ್ಚು ದೂರ ಹೋಗಲೇ ಇಲ್ಲ. ಆಮೇಲಿನ ಸಲ ಗೆರೆ ಮುಟ್ಟಿ, ಹಣೆಗೆ ಒತ್ತಿಕೊಂಡು, ನೆಟ್ಟಗೆ ಮೂಲೆಗೆ ನುಗ್ಗಿದಳು. ಹಳೆಯ ಹುಡುಗಿಯೇ ಬಂದಂತಿತ್ತು. ಜನ ಕೂಗಿದ ಕೂಗಿಗೆ ನನಗೆ ಬೇರೇನೂ ಕೇಳಿಸಲಿಲ್ಲ. ಖಾಪರಖೇಡಾದವಳ ಭುಜ ಮುಟ್ಟಿದಳು. ಅವಳು ಕಾಲಿಗೆ ಕೈ ಹಾಕಿದಳು. ಇವಳು ಹೇಗೋ ಬಿಡಿಸಿಕೊಂಡು, ಗೆರೆಯ ಮೇಲೆ ಬಂದು ಬಿದ್ದಳು. ಅಂಪೈರ್ ಕೈ ಎತ್ತಿ ಅಂಕ ಕೊಟ್ಟರು. ಇಡೀ ಹಾಲ್ ಎದ್ದು ನಿಂತಿತು. ನಾನು ಅಳುತ್ತ ಚಪ್ಪಾಳೆ ತಟ್ಟಿದೆ. ಹುಟ್ಟಿದಂದಿನಿಂದ ಸೀಟಿ ಹೊಡೆಯದ ನಮ್ಮವರು ಬಾಯಿಗೆ ಬೆರಳಿಟ್ಟು ಊದಿದರು, ಬರೀ ಗಾಳಿ ಬಂತು. ಅವಳೊಬ್ಬಳೇ ಎದ್ದು, ಯಾರ ಕಡೆಗೂ ನೋಡದೆ, ಬಾಟಲಿಯ ನೀರು ಮುಖಕ್ಕೆ ಸುರಿದುಕೊಂಡಳು.

ಮನೆಗೆ ಬಂದು ಕೇಸರಿಬಾತ್ ಮಾಡಿದೆ. ತುಪ್ಪಕ್ಕೆ ಹಿಂದೆಮುಂದೆ ನೋಡಲಿಲ್ಲ. ಸಂಜೆ ಬಂದಳು. ಹೊಸ್ತಿಲು ಮುಟ್ಟಲಿಲ್ಲ, ಒಳಗೂ ಬರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

“ಕಾಕು, ನಿಮಗ ಕೇಳಿಸಲಿಲ್ಲಾ?”

“ಏನು ಕೇಳಿಸ್ಬೇಕಿತ್ತು?”

“ನನ್ನ ಉಸರು ಹೋಗಿತ್ತು. ಅಕಿನ್ನ ಮುಟ್ಟೂಕಿಂತ ಮೊದಲ ಹೋಗಿತ್ತು. ಬಾಯಷ್ಟ ಆಡಸಾಕತ್ತಿದ್ದೆ, ದನೀನ ಇರಲಿಲ್ಲ.”

“ಅಷ್ಟು ಗದ್ದಲದಲ್ಲಿ ಯಾರಿಗೆ ಕೇಳಿಸತ್ತೆ, ಬಿಡೇ.”

“ಅಂಪೈರ್ ನನ್ನ ಮಾರಿ ಮುಂದ ನಿಂತಿದ್ರು. ಅವರು ಕೈಯಾಗಿನ ಗಡಿಯಾರ ನೋಡಿಕೋತ ನಿಂತ್ರು. ದನಿ ನಿಂತದ್ದು ಎದುರಿಗಿದ್ದವರು ಎಲ್ಲಾರೂ ಕೇಳ್ಯಾರ. ಅಕಿ ಕೈಯಾಗ ನನ್ನ ಕಾಲಿತ್ತು. ಅಕಿ ಹಿಡದ್ರ ದೇವರ ಬಂದ್ರೂ ಬಿಡಸಾಕ ಆಗೂದಿಲ್ಲಂತ ನಿಮಗ ಹೇಳಿದ್ನಿಲ್ಲ? ಹಿಡದ್ಲು. ಹಿಡದು ಬಿಟ್ಲು.”

ಪ್ರೀತಿಯಿಂದ ಬಿಟ್ಟಿರಬೇಕು ಎಂದೆ.

“ಹೌದ್ರಿ, ಪ್ರೀತಿ. ನಾ ಅಲ್ಲೇ ಸತ್ತಿದ್ದೆ. ಎಲ್ಲಾರೂ ಕೂಡಿ ಜೀವಂತ ಅದಾಳಂತ ಚಪ್ಪಾಳಿ ಹೊಡದ್ರು. ಒಬ್ಬರರೆ ಸತ್ತಿ ಅಂತ ಹೇಳಬೇಕಿಲ್ರಿ? ಎದ್ದು ಹೊರಗ ಹೋಗಿ ಕುಂಡ್ರತಿದ್ದೆ.”

ಕೇಸರಿಬಾತ್ ಹಾಗೇ ಉಳಿಯಿತು. ಮರುದಿನ ಆಕೆ ಆಯ್ಕೆ ಮಾಡುವವರ ಹತ್ತಿರ ಹೋಗಿ, ನಿನ್ನೆ ನನ್ನ ಉಸಿರು ನಿಂತಿತ್ತು, ಆ ಅಂಕ ನನ್ನದಲ್ಲ ಎಂದು ಹೇಳಿದಳು. ಅವರು ಎದ್ದು ಬಂದು ತಲೆ ನೇವರಿಸಿದರಂತೆ. ತಂಡದ ಜೊತೆ ಬಾ, ಆಡುವುದೇನೂ ಬೇಡ, ನೀನು ಬೆಂಚಿನ ಮೇಲೆ ಕೂತಿದ್ದರೆ ಉಳಿದವರಿಗೆ ಸ್ಫೂರ್ತಿ ಎಂದರಂತೆ. ಆ ವಾರ ಪತ್ರಿಕೆಯವನು ಇನ್ನೊಂದು ಲೇಖನ ಬರೆದ, ಈ ಸಲ ಅವಳ ಪ್ರಾಮಾಣಿಕತೆಯ ಬಗ್ಗೆ. ನಿಜ ಹೇಳಿದ್ದಕ್ಕೂ ಚಪ್ಪಾಳೆಯೇ ಸಿಕ್ಕಿತು. ಆ ಹುಡುಗಿಗೆ ಸೋಲುವುದಕ್ಕೂ ಯಾರೂ ಜಾಗ ಬಿಡಲಿಲ್ಲ.

ಖಾಪರಖೇಡಾದವಳು ಕೆಲವು ದಿನ ಮುಖ ತೋರಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸಂತ್ರಾ ಹಣ್ಣಿನ ಚೀಲ ಹಿಡಿದುಕೊಂಡು ಹಿತ್ತಿಲ ಬಾಗಿಲಿಗೇ ಬಂದಳು. ನಮ್ಮ ಹುಡುಗಿ ಚೀಲ ತೆಗೆದುಕೊಳ್ಳಲಿಲ್ಲ. “ಪೈರ್ ಪಕಡ್‌ನಾ ಥಾ ತುಝೆ” ಎಂದಳು. ನನ್ನ ಕಾಲು ಹಿಡಿಯಬೇಕಾಗಿತ್ತು ನೀನು. ಅವಳು ಅಳುತ್ತ, ಹೇಗೆ ಹಿಡಿಯಲಿ, ನಿನಗೇನಾದರೂ ಆಗಿದ್ದರೆ, ಎಂದಳು. ಇವಳು ಸೀಬೆಮರದ ಕಡೆ ಕೈ ತೋರಿಸಿ, ಹೋಗಿ ಅಲ್ಲಿ ನಿಲ್ಲು ಎಂದಳು.

ನಾನು ಕಿಟಕಿಯಿಂದ ಕೂಗಿದೆ, ಬೇಡ ಕಣ್ರೇ ಎಂದು. ಯಾರು ಕೇಳುತ್ತಾರೆ? ಒಬ್ಬಳು ಅಳುತ್ತಲೇ ಮರದ ಬುಡದಲ್ಲಿ ಬಗ್ಗಿ ನಿಂತಳು. ಇನ್ನೊಬ್ಬಳು ಗೆರೆ ಮುಟ್ಟಿ ಹಣೆಗೆ ಒತ್ತಿಕೊಂಡು ಹೊರಟಳು. ಬೇರೆ ಸದ್ದಿರಲಿಲ್ಲ, ಈ ಸಲ ಅವಳ ದನಿ ನನಗೆ ಚೆನ್ನಾಗಿ ಕೇಳಿಸಿತು. ಕೈ ಚಾಚಿ ಮುಟ್ಟಿದಳು, ತಿರುಗಿದಳು. ಖಾಪರಖೇಡಾದವಳು ಕಣಕಾಲು ಹಿಡಿದಳು. ಹಿಡಿದವಳು ಬಿಡಲಿಲ್ಲ. ನಮ್ಮ ಹುಡುಗಿ ಮಣ್ಣಿನಲ್ಲಿ ಬೋರಲು ಬಿದ್ದು, ಗೆರೆಯ ಕಡೆಗೆ ಕೈ ಚಾಚಿ ತೆವಳಿದಳು. ದನಿ ಸಣ್ಣಗಾಯಿತು, ಹರಿಯಿತು, ನಿಂತಿತು. ಬೆರಳಿಗೂ ಗೆರೆಗೂ ನಡುವೆ ಇನ್ನೂ ಬೇಕಾದಷ್ಟು ನೆಲ ಇತ್ತು.

ಕೆಮ್ಮು ನಿಲ್ಲುವವರೆಗೂ ಖಾಪರಖೇಡಾದವಳು ಅವಳ ಬೆನ್ನು ಸವರುತ್ತ ಕೂತಿದ್ದಳು. ನಾನು ನೀರು ತಂದು ಇಬ್ಬರಿಗೂ ಬಾಯಿಗೆ ಬಂದಂತೆ ಬೈದೆ. ನಮ್ಮ ಹುಡುಗಿ ಮಣ್ಣು ಮೆತ್ತಿದ ಮುಖ ಎತ್ತಿ, “ಈಗ ಬರೋಬರ್ ಆತು ನೋಡ್ರಿ, ಕಾಕು” ಎಂದಳು. ಎದ್ದು, ಕಾಲೆಳೆಯುತ್ತ ಹೋಗಿ ಕಟ್ಟೆಯ ಮೇಲೆ, ಗೆರೆಯಿಂದ ದೂರ, ಗೋಡೆಗೆ ಒರಗಿ ಕೂತಳು. ಸತ್ತವರು ಹೊರಗೆ ಹೋಗಿ ಕೂರಬೇಕಲ್ಲ.

ಅವತ್ತಿನಿಂದ ಹಿತ್ತಿಲಲ್ಲಿ ಆ ದನಿ ಕೇಳಿಸಲಿಲ್ಲ. ಅಭ್ಯಾಸದ ಬಿಡುವು ಬೇಡವೆಂದು ಪೂರ್ತಿ ದಿನ ಕೆಲಸ ಮಾಡತೊಡಗಿದಳು. ನಮ್ಮ ಕುಕ್ಕರ್ ತನ್ನ ಪಾಡಿಗೆ ಕೂಗುತ್ತಿತ್ತು. ಸಮಾಧಾನವಾಯಿತೇ ಅವಳಿಗೆ? ಇಲ್ಲ. ಅನುಮಾನ ಹೋಯಿತು, ಅಷ್ಟೇ. ಸಂಜೆ ಬಂದು ನನ್ನ ಹತ್ತಿರ ಸುಮ್ಮನೆ ಕೂರುವಳು. ಟಿವಿಯಲ್ಲಿ ಕಬಡ್ಡಿ ಬಂದರೆ ಎದ್ದು ಹೋಗುವಳು. ಒಮ್ಮೆ ಕೇಳಿದಳು, “ಕಾಕು, ನಾ ಇನ್ನ ಮ್ಯಾಲ ಯಾರು?” ನಾನು ಎದ್ದು ಕಾಫಿಗೆ ನೀರಿಟ್ಟೆ. ಕೊನೆಗೆ ತಾನೇ ಕೇಳಿ ವರ್ಗ ಮಾಡಿಸಿಕೊಂಡಳು. ಈಗ ಅವಳ ಊರಿನ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಡುತ್ತಾಳೆ. ಫೋನ್ ಮಾಡಿದರೆ ಮಳೆ ಬೆಳೆ ಮಾತಾಡುತ್ತಾಳೆ.

ಹೊರಟ ದಿನ ನಾವಿಬ್ಬರೂ ಸ್ಟೇಷನ್ನಿಗೆ ಹೋಗಿದ್ದೆವು. ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ. ನಮ್ಮವರು ಸಾಮಾನು ಹೊರಿಸಿಕೊಂಡು ಮುಂದೆ ಹೋದರು. ಲಿಫ್ಟಿನ ಮುಂದೆ ಜನ ಸಾಲುಗಟ್ಟಿದ್ದರು. ಆಕೆ ಸೇತುವೆಯ ಮೆಟ್ಟಿಲ ಕಡೆ ತಿರುಗಿದಳು. ಅರ್ಧ ಹತ್ತುವುದರೊಳಗೆ ಉಸಿರು ಮೇಲುಮೇಲಕ್ಕೆ ಬರತೊಡಗಿತು. ನಾನು ಪಕ್ಕದಲ್ಲಿದ್ದೆ. ತಕ್ಷಣ ಕಂಬಿ ಹಿಡಿದುಕೊಂಡು, “ಅಯ್ಯೋ, ನನ್ನ ಮಂಡಿ! ಸ್ವಲ್ಪ ನಿಲ್ಲೇ ಮಾರಾಯ್ತಿ, ಹತ್ತೋಕಾಗ್ತಿಲ್ಲ” ಎಂದೆ.

ಆಕೆ ನಿಂತಳು. ನನ್ನ ಮಂಡಿ ನೋಡಿದಳು, ಮುಖ ನೋಡಿದಳು. ಸಿಟ್ಟು ಮಾಡಲಿಲ್ಲ.

“ಕಾಕು, ನಿಮ್ಮ ಮೊಣಕಾಲಿಗೆ ಏನೂ ಆಗಿಲ್ಲ. ದಿನಾ ನಿಮ್ಮ ನಡಗಿ ನೋಡೀನಿ ನಾ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. “ನೀವರೆ ಹಿಂಗ ಮಾಡಬ್ಯಾಡ್ರಿ. ನಿಮ್ಮ ನಡಗೀಲೆ ನೀವು ನಡೀರಿ.”

ನಾನು ಕಂಬಿ ಬಿಟ್ಟು ನಡೆದೆ. ನನ್ನ ನಡಿಗೆಯಲ್ಲೇ. ಒಂದಷ್ಟು ಮೆಟ್ಟಿಲು ಅವಳ ಉಸಿರು ಹಿಂದಿನಿಂದ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಸೇತುವೆ ದಾಟಿ ಕೆಳಗಿಳಿದಾಗ ಗಾಡಿ ಬಂದು ನಿಂತಿತ್ತು. ನಮ್ಮವರು ಬೋಗಿಯ ಬಾಗಿಲಲ್ಲಿ ಸಾಮಾನಿಟ್ಟು, “ಎಲ್ಲೇ ಅವಳು? ಅಲ್ಲೇ ಬಿಟ್ಟು ಬಂದೆಯಾ?” ಎಂದು ಗಾಬರಿಯಿಂದ ಮೆಟ್ಟಿಲ ಕಡೆ ಹೊರಟರು.

ನಾನು ಅವರ ತೋಳು ಹಿಡಿದು ನಿಲ್ಲಿಸಿದೆ.

“ಹೋಗ್ಬೇಡಿ. ಅವಳು ಬರೋವಾಗ ಬರ್ತಾಳೆ.”